ಚೊಗರಿನೊಳಗಿನ ಉಂಗುರ

ಹೊನ್ನಾಳಿಯಿಂದ ವಾಪಸ್ ಬಂದಾಗಲೆಲ್ಲ ಆ ಉಂಗುರ ಚಪ್ಪಟೆಯಾಗಿರುತ್ತಿತ್ತು. ಜಗಳೂರಿನಿಂದ ಬಂದಾಗ ಬಾಗಿರುತ್ತಿತ್ತು. ಮೂರು ವಾರದಲ್ಲಿ ಹೀಗಾದದ್ದು ಇದು ಐದನೇ ಸಲ. ಚನ್ನಗಿರಿಯ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಉತ್ತರಪತ್ರಿಕೆಗಳ ಕಟ್ಟನ್ನು ಪಕ್ಕಕ್ಕೆ ತಳ್ಳಿ ಲ್ಯಾಪ್‌ಟಾಪ್ ತೆರೆದು ಕೂತಿದ್ದ ಮಮತಾ, ಪರದೆಯ ಮೇಲಿನ ಉಂಗುರವನ್ನು ಒಂದು ಸುತ್ತು ತಿರುಗಿಸಿ ನೋಡಿ, "ಮತ್ತೆ ಲಟ್ಟಿಸಿ ಕಳಿಸ್ಯಾರೆ ನಮ್ಮ ಸರ್ರು," ಎಂದು ಗೊಣಗಿಕೊಂಡಳು.

ಉಂಗುರವೆಂದರೆ ಬೆರಳಿನದಲ್ಲ. ಅಡಿಕೆಯೊಳಗಿನ ಅರೆಕೋಲಿನ್ ಎಂಬ ಪದಾರ್ಥವನ್ನು ಒಂದು ಬ್ಯಾಕ್ಟೀರಿಯಾ ತಿಂದಾಗ ಮಿಕ್ಕುವ ಅರೆಕೈಡಿನ್ ಎಂಬ ಅಣುವಿನ ಉಂಗುರ. ಐದು ಇಂಗಾಲ, ಒಂದು ಸಾರಜನಕ, ಹೀಗೆ ಆರು ಪರಮಾಣುಗಳು ಸುತ್ತಲೂ ನಿಂತು ಕೈ ಹಿಡಿದುಕೊಂಡಿರುತ್ತವೆ. ಅವು ಒಂದೇ ಮಟ್ಟದಲ್ಲಿ ನಿಂತಿವೆಯೋ, ಒಂದಿಬ್ಬರು ಕಟ್ಟೆ ಹತ್ತಿ ನಿಂತಿದ್ದಾರೋ ಎಂಬುದೇ ಈಗ ಎದ್ದಿದ್ದ ತಕರಾರು.

ಮಮತಾ ತ್ಯಾವಣಿಗೆಯವಳು. ಚನ್ನಗಿರಿಯಲ್ಲಿ ರಸಾಯನಶಾಸ್ತ್ರ ಪಾಠ ಮಾಡುತ್ತಾಳೆ. ನಾಲ್ಕು ವರ್ಷದ ಹಿಂದೆ ನ್ಯಾಮತಿಯ ಪ್ರೇಮಲತಾ ಎಂಬ ಹೆಂಗಸಿನ ಅಡಿಕೆ ಬೇಯಿಸುವ ಕಣಕ್ಕೆ ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋಗಿದ್ದಾಗ, ಅಡಿಕೆ ಬೇಯಿಸಿ ಉಳಿದ ಕಂದು ನೀರು, ಅಂದರೆ ಚೊಗರು, ಮೂಲೆಯ ಒಂದು ಡ್ರಮ್ಮಿನಲ್ಲಿ ನಿಂತಿತ್ತು. "ಇದು ವರ್ಷದ ಹಿಂದಿಂದು ಕಣ್ರೀ. ಬೇರೆ ಚೊಗರು ಕುಡಿದ ಕೋಳಿ ತೂರಾಡ್ತಾವೆ, ಇದನ್ನ ಕುಡಿದ್ರೆ ಏನೂ ಆಗಲ್ಲ. ಯಾಕೋ ಗೊತ್ತಿಲ್ಲ," ಎಂದಿದ್ದಳು ಪ್ರೇಮಲತಾ. ಆ 'ಯಾಕೋ'ವಿನ ಹಿಂದೆ ಬಿದ್ದವಳು ಮಮತಾ. ಡ್ರಮ್ಮಿನಲ್ಲಿ ಬ್ಯಾಕ್ಟೀರಿಯಾ ಸಿಕ್ಕಿತು, ಬ್ಯಾಕ್ಟೀರಿಯಾದಲ್ಲಿ ಅರೆಕೋಲಿನ್ ಕತ್ತರಿಸುವ ಪ್ರೋಟೀನ್ ಸಿಕ್ಕಿತು, ಎರಡು ವರ್ಷದ ಪಾಡಿನ ನಂತರ ಆ ಪ್ರೋಟೀನು ಸಕ್ಕರೆ ಕಣದಂಥ ಹರಳಾಯಿತು. ಹರಳಿಗೆ ಎಕ್ಸ್-ರೇ ಹಾಯಿಸಿ ತೆಗೆದ ನಕ್ಷೆಯಲ್ಲಿ ಪ್ರೋಟೀನಿನ ಹೊಟ್ಟೆಯೊಳಗೆ, ಕತ್ತರಿಸಿ ಇನ್ನೂ ಉಗುಳದೆ ಇಟ್ಟುಕೊಂಡ ತುತ್ತಿನಂತೆ, ಅರೆಕೈಡಿನ್ ಕೂತಿತ್ತು.

ಈ ಕೆಲಸದಲ್ಲಿ ಅವಳ ಜೊತೆಗೆ ಇಬ್ಬರಿದ್ದರು. ಒಬ್ಬರು ಮರುಳಸಿದ್ದಪ್ಪ. ಅವಳ ಪಿಎಚ್‌ಡಿ ಗುರುಗಳು, ವಯಸ್ಸು ಅರವತ್ತೆಂಟು, ನಿವೃತ್ತರಾಗಿ ಹೊನ್ನಾಳಿಯಲ್ಲಿ ತುಂಗಭದ್ರೆ ಕಾಣುವ ಮಹಡಿ ಕೋಣೆಯಲ್ಲಿ ಕೂತು, ಇಪ್ಪತ್ತೈದು ವರ್ಷದಿಂದ ಬಳಸಿದ ಒಂದೇ ಕಂಪ್ಯೂಟರ್ ಪ್ರೋಗ್ರಾಮನ್ನು ಈಗಲೂ ಬಳಸುತ್ತಿದ್ದರು. ಇನ್ನೊಬ್ಬ ನಿಂಗರಾಜ್. ಜಗಳೂರಿನ ಕಾಲೇಜಿನಲ್ಲಿ ಭೌತಶಾಸ್ತ್ರದ ಮೇಷ್ಟ್ರು, ಮೂವತ್ತೊಂದು ವರ್ಷ, ಬೇರೊಂದು ಹೊಸ ಪ್ರೋಗ್ರಾಮಿನಲ್ಲಿ ಕೈ ಪಳಗಿದವನು. ಇಬ್ಬರೂ ಒಬ್ಬರನ್ನೊಬ್ಬರು ಮುಖತಃ ನೋಡಿರಲಿಲ್ಲ. ಪ್ರೋಗ್ರಾಮಿನ ಕೆಲಸವೆಂದರೆ ಮಸುಕಾದ ಎಕ್ಸ್-ರೇ ನಕ್ಷೆಗೆ ಪರಮಾಣುಗಳ ಮಾದರಿಯನ್ನು ಸ್ವಲ್ಪಸ್ವಲ್ಪವೇ ಸರಿಸಿ ಹೊಂದಿಸುವುದು. ಆದರೆ ನಕ್ಷೆ ಮಸುಕಾಗಿರುವುದರಿಂದ ಪ್ರೋಗ್ರಾಮಿಗೆ ಒಂದು ಅಳತೆ ಚೀಟಿಯೂ ಬೇಕು: ಈ ಪರಮಾಣುವಿಗೂ ಆ ಪರಮಾಣುವಿಗೂ ಇಷ್ಟು ದೂರ, ಇಲ್ಲಿ ಇಷ್ಟು ಕೋನ, ಇದು ಚಪ್ಪಟೆ, ಇದು ಅಲ್ಲ, ಇಷ್ಟರಮಟ್ಟಿಗೆ ಬಿಗಿ ಹಿಡಿ, ಇಷ್ಟರಮಟ್ಟಿಗೆ ಸಡಿಲ ಬಿಡು. ಪ್ರೋಟೀನಿನ ಅಳತೆಗಳು ಎಲ್ಲ ಪ್ರೋಗ್ರಾಮುಗಳಲ್ಲೂ ಹೆಚ್ಚುಕಮ್ಮಿ ಒಂದೇ. ಅರೆಕೈಡಿನ್‌ನಂಥ ಅಪರೂಪದ ಅತಿಥಿಗೆ ಮಾತ್ರ ಚೀಟಿಯನ್ನು ನಾವೇ ಮಾಡಿ ಕೊಡಬೇಕು.

ವಿಜ್ಞಾನ ಪತ್ರಿಕೆಗೆ ಕಳಿಸಿದ ಲೇಖನಕ್ಕೆ ಪರಿಶೀಲಕರ ಉತ್ತರ ಬಂದಿತ್ತು. ಅರೆಕೈಡಿನ್‌ನ ಅಳತೆಗಳು ಕೆಟ್ಟಿವೆ, ತಪಾಸಣಾ ವರದಿಯಲ್ಲಿ ಅದರ ಮುಂದೆ ಕೆಂಪು ಗುರುತು ಬಿದ್ದಿದೆ, ಸರಿಪಡಿಸಿ. ಎರಡನೆಯದು, ಈ ಅಣುವನ್ನು ಪ್ರೋಟೀನು ಯಾವ ಕೈಯಿಂದ ಹಿಡಿದುಕೊಂಡಿದೆ ಎಂಬುದು ತಿಳಿಯುತ್ತಿಲ್ಲ, ವಿವರಿಸಿ. ತಿಂಗಳ ಗಡುವು. ಅದರಲ್ಲಿ ಈಗ ಒಂಬತ್ತು ದಿನ ಉಳಿದಿತ್ತು.

ಮೊದಲನೇ ವಾರ ನಿಂಗರಾಜ್ ಚಪ್ಪಟೆ ಉಂಗುರ ನೋಡಿ ಟಿಪ್ಪಣಿ ಬರೆದಿದ್ದ: "ಇದನ್ನು ಯಾರು ಹೀಗೆ ತಟ್ಟಿದ್ದು?" ಮರುಳಸಿದ್ದಪ್ಪ ಬಾಗಿದ ಉಂಗುರ ನೋಡಿ ಅದರ ಕೆಳಗೇ ಬರೆದಿದ್ದರು: "ಇದನ್ನು ಯಾರು ಹೀಗೆ ತಿರುಚಿದ್ದು?" ಅಲ್ಲಿಂದ ಇಬ್ಬರೂ ಒಬ್ಬರಿಗೊಬ್ಬರು ಬರೆಯುವುದನ್ನು ನಿಲ್ಲಿಸಿ ಎಲ್ಲವನ್ನೂ ಮಮತಾಳ ಮೂಲಕವೇ ಹೇಳಿಸತೊಡಗಿದರು. ಹೊನ್ನಾಳಿಯ ಫೋನು ಬಂದರೆ ಅವಳು "ಹೌದು ಸರ್" ಅನ್ನುವಳು. ಜಗಳೂರಿನ ಫೋನು ಬಂದರೆ "ಹೌದು ನಿಂಗರಾಜ್" ಅನ್ನುವಳು. ಎರಡು ಹೌದುಗಳ ನಡುವೆ ಮಾದರಿಯ ಕಡತ ದಾವಣಗೆರೆ ಜಿಲ್ಲೆಯ ಈ ತುದಿಯಿಂದ ಆ ತುದಿಗೆ ಓಡಾಡುತ್ತಿತ್ತು.

ಅವತ್ತೂ ಹಾಗೇ ಆಯಿತು. ಹನ್ನೊಂದು ಗಂಟೆಗೆ ಹೊನ್ನಾಳಿಯ ಫೋನು. ಮಾತಾಡಿದವರು ಮರುಳಸಿದ್ದಪ್ಪನವರ ಹೆಂಡತಿ ಶಂಕರಮ್ಮ.

"ಮಮತಾ, ಅದೇನವ್ವಾ ನಿಮ್ಮ ಉಂಗುರದ ಗಲಾಟೆ? ನಿಮ್ಮ ಸರ್ರು ಎರಡು ದಿನದಿಂದ ಊಟಕ್ಕೆ ಕುಂತ್ರೆ ರೊಟ್ಟಿನೇ ತಿರುವಿ ತಿರುವಿ ನೋಡ್ತಾರೆ. ಚಪ್ಪಟೆ ಐತೋ ಇಲ್ವೋ ಅಂತ ನನ್ನ ಕೇಳ್ತಾರೆ. ರೊಟ್ಟಿ ಚಪ್ಪಟೆ ಇಲ್ದೆ ಇನ್ನೇನಿರ್ತತೆ?"

ಮಮತಾ ನಕ್ಕು, ಭಾನುವಾರ ಬರುತ್ತೇನೆ ಅಂದಳು. ಫೋನು ಇಟ್ಟು ಐದು ನಿಮಿಷವಾಗಿರಲಿಲ್ಲ, ನಿಂಗರಾಜ್.

"ಮೇಡಂ, ಸಿಟ್ಟು ಮಾಡ್ಕೋಬ್ಯಾಡ್ರಿ. ಸರ್ರ ಪ್ರೋಗ್ರಾಮಿಗೆ ವಯಸ್ಸಾಗೈತೆ. ಅದನ್ನ ಬಿಟ್ಟು ನಂದ್ರಾಗೇ ಮುಗಿಸಿಬಿಡಾನ."

"ಹೌದು ನಿಂಗ..." ಎಂದವಳು ಅಲ್ಲೇ ತಡೆದಳು. ಹಾಗಂದರೆ ಕಡತ ಮತ್ತೆ ಹೊನ್ನಾಳಿಗೆ ಹೋಗುತ್ತದೆ, ಮತ್ತೆ ಚಪ್ಪಟೆಯಾಗಿ ಬರುತ್ತದೆ. "ನಿಂಗರಾಜ್, ನೀವು ನಿಮ್ಮ ಅಳತೆ ಚೀಟಿ ತೆರೆದು ನೋಡೀರೇನು?"

"ಅದನ್ನೇನು ನೋಡೋದು ಮೇಡಂ? ಅಣುವಿನ ಚಿತ್ರ ಬರೆದು ಕೊಟ್ಟೆ, ಸಾಫ್ಟ್‌ವೇರು ತಾನೇ ಮಾಡಿಕೊಡ್ತು."

"ನಂಗೆ ಕಳಿಸ್ರಿ. ನೋಡ್ತೀನಿ."

ಸರ್ ಬಳಸುವ ಚೀಟಿ ಅವಳ ಹತ್ತಿರ ಆಗಲೇ ಇತ್ತು. ಪ್ರತಿ ಸಲವೂ ಮಾದರಿಯ ಜೊತೆ ಬರುತ್ತಿತ್ತು, ಯಾರೂ ತೆರೆದಿರಲಿಲ್ಲ. ಎರಡನ್ನೂ ಪ್ರಿಂಟ್ ತೆಗೆದು ಮೇಜಿನ ಮೇಲೆ ಹರಡಿ, ಕೆಂಪು ಪೆನ್ನು ಹಿಡಿದು, ಉತ್ತರಪತ್ರಿಕೆ ತಿದ್ದುವ ಹಾಗೆ ಒಂದೊಂದೇ ಸಾಲು ತಾಳೆ ನೋಡತೊಡಗಿದಳು.

ಹೊನ್ನಾಳಿಯ ಚೀಟಿಯ ನಾಲ್ಕನೇ ಸಾಲಿಗೇ ಪೆನ್ನು ನಿಂತಿತು. ಉಂಗುರದ ಆರೂ ಬಂಧಗಳ ಮುಂದೆ ಒಂದೇ ಪದ, 'ಆರೊಮ್ಯಾಟಿಕ್', ಅಂದರೆ ಉಂಗುರ ಪೂರ್ತಿ ಚಪ್ಪಟೆ. ಆರರ ಉದ್ದವೂ ಹೆಚ್ಚುಕಮ್ಮಿ ಒಂದೇ, ಒಂದು ಪಾಯಿಂಟ್ ಮೂರು ಒಂಬತ್ತು ಆಂಗ್‌ಸ್ಟ್ರಾಮಿನ ಆಸುಪಾಸು. ಅರೆಕೈಡಿನ್ ಉಂಗುರದಲ್ಲಿ ಒಂದೇ ಒಂದು ಜೋಡಿಬಂಧ, ಉಳಿದವೆಲ್ಲ ಒಂಟಿ. ಒಂಟಿಬಂಧ ಉದ್ದ, ಜೋಡಿಬಂಧ ಗಿಡ್ಡ. ಅದಕ್ಕೇ ಉಂಗುರ ಬಾಗುವುದು. ಆರಕ್ಕೆ ಆರನ್ನೂ ಸಮ ಮಾಡಿದರೆ ಅದು ಲಟ್ಟಿಸಿದ ಹಾಗೆ ಆಗದೆ ಇನ್ನೇನಾದೀತು? ಪ್ರೋಗ್ರಾಮಿನದು ಏನೂ ತಪ್ಪಿಲ್ಲ. ಕೊಟ್ಟ ಅಳತೆಗೆ ಅದು ನಿಯತ್ತಾಗಿ ಹೊಲಿದಿದೆ.

ಹಾಗಾದರೆ ಈ ಚೀಟಿ ಯಾವ ಅಣುವಿನದು? ಅಭ್ಯಾಸಬಲದಿಂದ ಹಾಳೆಯ ಅಂಚಿನಲ್ಲಿ ಚಿತ್ರ ಬರೆದಳು. ಬರೆದು ಮುಗಿಯುವ ಹೊತ್ತಿಗೆ ನಗು ಬಂತು. ಅದು ಟ್ರೈಗೊನೆಲಿನ್. ಮೆಂತ್ಯದ ಕಾಳಿನಲ್ಲಿರುವ ಪದಾರ್ಥ. ಅಡಿಕೆಯ ಅಣುವಿನಿಂದ ನಾಲ್ಕು ಹೈಡ್ರೋಜನ್ ಕಳೆದರೆ ಮೆಂತ್ಯದ್ದಾಗುತ್ತದೆ. ಇಷ್ಟು ದಿನ ಹೊನ್ನಾಳಿಯ ಪ್ರೋಗ್ರಾಮು ಅಡಿಕೆಯನ್ನು ಮೆಂತ್ಯ ಅಂದುಕೊಂಡು ದುಡಿಯುತ್ತಿತ್ತು.

ತಡೆಯಲಾರದೆ ನಿಂಗರಾಜ್‌ಗೆ ಫೋನು ಮಾಡಿ ಹೇಳಿಯೇಬಿಟ್ಟಳು. ಜಗಳೂರಿನ ಕಡೆಯಿಂದ ಬಂದ ನಗು ಸ್ಟಾಫ್ ರೂಮಿನ ಮೂಲೆಯಲ್ಲಿದ್ದವರಿಗೂ ಕೇಳಿಸಿತು. "ಮೆಂತ್ಯ! ಅಯ್ಯಯ್ಯೋ! ನಾನು ಹೇಳಿದ್ನಲ್ರೀ ಮೇಡಂ, ನಂದೇ ಸರಿ ಅಂತ!"

"ತಡೀರಿ, ನಿಮ್ದೂ ಇನ್ನೂ ಅರ್ಧ ಓದಾಕೆ ಐತೆ," ಎಂದು ಇಟ್ಟಳು.

ಓದಿದ್ದು ಒಳ್ಳೆಯದಾಯಿತು. ಜಗಳೂರಿನ ಚೀಟಿಯಲ್ಲಿ ಉಂಗುರದ ಬಂಧಗಳೆಲ್ಲ ಸರಿಯಾಗಿದ್ದವು. ಆದರೆ ಸಾರಜನಕದ ಸುತ್ತಲಿನ ಮೂರು ಕೋನಗಳನ್ನು ಕೂಡಿ ನೋಡಿದಳು. ಮುನ್ನೂರ ಅರವತ್ತು. ಅಂದರೆ ಅದರ ಮೂರೂ ಕೈಗಳು ಒಂದೇ ಸಮತಲದಲ್ಲಿ ಚಾಚಿಕೊಂಡಿವೆ. ನಿಜದಲ್ಲಿ ಆ ಸಾರಜನಕ ಒಂದು ಹೈಡ್ರೋಜನನ್ನೂ ಹಿಡಿದಿರುತ್ತದೆ. ನಾಲ್ಕು ಕೈ ಚಾಚಿದ್ದು ಚಪ್ಪಟೆಯಾಗಿರಲು ಸಾಧ್ಯವಿಲ್ಲ. ನಿಂಗರಾಜ್ ಚಿತ್ರ ಬರೆಯುವಾಗ ಆ ಹೈಡ್ರೋಜನ್ ಬಿಟ್ಟಿದ್ದ. ಸಾಫ್ಟ್‌ವೇರು ತನಗೆ ತೋಚಿದಂತೆ ಲೆಕ್ಕ ಹಾಕಿ ಅಲ್ಲೊಂದು ಕಡೆ ತಟ್ಟಿಬಿಟ್ಟಿತ್ತು. ವರದಿಯಲ್ಲಿ ಬಾಗಿದ ಉಂಗುರಕ್ಕೂ ಕೆಂಪು ಗುರುತು ಬೀಳುತ್ತಿದ್ದದ್ದು ಇದಕ್ಕೇ.

ಒಬ್ಬರದು ಪೂರ್ತಿ ಚಪ್ಪಟೆ, ಇನ್ನೊಬ್ಬನದು ಒಂದು ಮೂಲೆ ಚಪ್ಪಟೆ. ಮಮತಾಳಿಗೆ ಖುಷಿಯೇ ಆಯಿತು. ಇಬ್ಬರಿಗೂ ಸಮನಾಗಿ ಹೇಳಲು ಏನೋ ಸಿಕ್ಕಿತಲ್ಲ ಎಂದುಕೊಳ್ಳುತ್ತ ಹಾಳೆಗಳನ್ನು ಮಡಚುವಾಗ ಹೊನ್ನಾಳಿಯ ಚೀಟಿಯ ತಲೆಯ ಮೇಲಿನ ಸಣ್ಣ ಸಾಲು ಕಣ್ಣಿಗೆ ಬಿತ್ತು. ಮಾಡಿದವರ ಹೆಸರು, ತಾರೀಖು.

ಹನ್ನೆರಡು ವರ್ಷದ ಹಿಂದಿನ ತಾರೀಖು. ಹೆಸರು ಅವಳದೇ.

ಕಿವಿ ಬಿಸಿಯಾಯಿತು. ನೆನಪು ಒಂದೊಂದಾಗಿ ಬಂತು. ಪಿಎಚ್‌ಡಿಯ ಎರಡನೇ ವರ್ಷ, ಸರ್ ಶುರುಮಾಡಿ ಅರ್ಧಕ್ಕೆ ಬಿಟ್ಟ ಅಡಿಕೆಯ ಒಂದು ಪ್ರಯೋಗ, ಊರಿಗೆ ಹೊರಡುವ ಅವಸರದಲ್ಲಿ ಹೈಡ್ರೋಜನ್‌ಗಳೇ ಇಲ್ಲದ ಕಡತ ಕೊಟ್ಟು ಅಳತೆ ಮಾಡಿಸಿದ್ದು, ಉಂಗುರ ಕಂಡ ಕೂಡಲೇ ಅದು ಆರೊಮ್ಯಾಟಿಕ್ ಎಂದು ಸಾಫ್ಟ್‌ವೇರು ಊಹಿಸಿದ್ದು, ತಾನು ತಿರುಗಿ ನೋಡದೆ ಬಸ್ ಹತ್ತಿದ್ದು. ಸ್ವಲ್ಪ ಮುಂಚೆ ನಿಂಗರಾಜ್ ಜೊತೆ ಬಿದ್ದು ಬಿದ್ದು ನಕ್ಕ ಮೆಂತ್ಯ ಅವಳೇ ಬಿತ್ತಿದ್ದಾಗಿತ್ತು.

ಆ ಸಾಲನ್ನು ಅಳಿಸಿಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ ಎಂಬ ಯೋಚನೆ ಬಂದದ್ದು ಸುಳ್ಳಲ್ಲ. ಮಧ್ಯಾಹ್ನದ ಪಾಠ ಮಾಡುವಾಗಲೂ ಅದು ತಲೆಯಲ್ಲಿ ಸುಳಿಯುತ್ತಿತ್ತು. ಸಂಜೆ ಮನೆಗೆ ನಡೆದು ಹೋಗುವಷ್ಟರಲ್ಲಿ ಆ ಯೋಚನೆಗೆ ತಾನೇ ನಾಚಿಕೊಂಡು ಬಿಟ್ಟುಕೊಟ್ಟಳು.

ಭಾನುವಾರ ಬೆಳಿಗ್ಗೆ ಹೊನ್ನಾಳಿಗೆ ಹೋದಳು. ಶಂಕರಮ್ಮ ಮಂಡಕ್ಕಿ, ಬಿಸಿ ಮೆಣಸಿನಕಾಯಿ ಬಜ್ಜಿ ತಂದಿಟ್ಟು, "ಮೊದ್ಲು ತಿನ್ರಿ, ಆಮೇಲೆ ಜಗಳ," ಎಂದರು. ಮರುಳಸಿದ್ದಪ್ಪ ಕಿಟಕಿಯ ಹತ್ತಿರದ ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು. ಹೊಳೆಯಲ್ಲಿ ನೀರು ತುಂಬಿ ಹರಿಯುತ್ತಿತ್ತು.

"ಆ ಜಗಳೂರಿನ ಹುಡುಗ ಕಳಿಸಿದ್ನೇನು ನಿನ್ನ?" ಎಂದರು.

"ಇಲ್ಲ ಸರ್. ನಾನೇ ಬಂದೆ." ತಟ್ಟೆ ಕೆಳಗಿಟ್ಟು ಎರಡೂ ಹಾಳೆಗಳನ್ನು ಅವರ ತೊಡೆಯ ಮೇಲೆ ಬಿಡಿಸಿದಳು. ಆರೊಮ್ಯಾಟಿಕ್ ಎಂಬ ಆರು ಪದಗಳಿಗೂ ಕೆಂಪು ಸುತ್ತು ಹಾಕಿತ್ತು. ಅವರು ಕನ್ನಡಕ ಹಣೆಗೇರಿಸಿ ಓದಿದರು. ಒಂದು ಸಲ ಓದಿ ಮತ್ತೊಮ್ಮೆ ಓದಿದರು.

"ಇದು ಟ್ರೈಗೊನೆಲಿನ್ ಅಲ್ವೇನೇ?"

"ಹೌದು ಸರ್. ಮೆಂತ್ಯ." "ಮೇಲಿನ ಸಾಲು ನೋಡ್ರಿ ಸರ್. ಇದನ್ನ ಮಾಡಿದೋಳು ನಾನು."

ಮರುಳಸಿದ್ದಪ್ಪ ಮೇಲಿನ ಸಾಲು ನೋಡಲಿಲ್ಲ. "ಗೊತ್ತು ಕಣಮ್ಮ," ಎಂದರು. "ಅದಕ್ಕೇ ನಾನು ತೆರೆದು ನೋಡಲಿಲ್ಲ. ಆ ಹುಡುಗ ತಪ್ಪು ಐತೆ ಅಂದಾಗೆಲ್ಲ ನಂಗೆ ರೇಗ್ತಿತ್ತು. ಮಮತಾ ಮಾಡಿದ್ದು ತಪ್ಪಾಗಿರಾಕೆ ಹೆಂಗೆ ಸಾಧ್ಯ, ನಾನೇ ಕಲಿಸೀನಿ ಅಂತ." ಹೊಳೆಯ ಕಡೆ ತಿರುಗಿದರು. ಹೆಗಲು ಅಲುಗಾಡತೊಡಗಿತು. ಅವರಿಗೆ ಹುಷಾರು ತಪ್ಪಿತೇನೋ ಎಂದು ಮಮತಾ ಎದ್ದಳು. ಅವರು ನಗುತ್ತಿದ್ದರು. "ಮೂರು ವಾರ! ಮೂರು ವಾರ ನಾನು ಮೆಂತ್ಯದ ಪರವಾಗಿ ವಾದ ಮಾಡೀನಲ್ಲೇ! ಶಂಕರೀ, ಕೇಳಿದ್ಯೇನು?"

"ಕೇಳಿದೆ, ಕೇಳಿದೆ. ಮುಂದಿನ ಮನೆಯೋರಿಗೂ ಕೇಳಿಸ್ತು," ಎಂದರು ಶಂಕರಮ್ಮ ಒಳಗಿನಿಂದ.

"ತಪ್ಪು ನಂದು ಸರ್."

"ಅವಸರ ನಿಂದು, ತಪ್ಪು ನಂದು. ವಿದ್ಯಾರ್ಥಿ ಮಾಡಿದ್ದನ್ನ ತೆರೆದು ನೋಡೋದೇ ಗೈಡ್ ಆದವನ ಕೆಲಸ. ಅದು ಬಿಟ್ಟು ಹನ್ನೆರಡು ವರ್ಷ ಪೆಟ್ಟಿಗೆಯೊಳಗಿಟ್ಟು ಪೂಜೆ ಮಾಡೀನಿ." ಬಜ್ಜಿಯೊಂದನ್ನು ಮುರಿದು ಅರ್ಧ ಅವಳ ತಟ್ಟೆಗೆ ಹಾಕಿದರು. "ಈಗೇನು ಮಾಡಬೇಕು? ಹುಡುಗನ ಚೀಟೀನೇ ಹಾಕಾನೇನು?"

"ಅದ್ರಾಗೂ ಸಾರಜನಕ ಚಪ್ಪಟೆ ಐತೆ ಸರ್."

ಮುದುಕರ ಮುಖ ಒಮ್ಮೆಲೇ ಅರಳಿತು. "ಹೌದಾ?" ಎಂದು ಬೆನ್ನು ಸಡಿಲಿಸಿ ಕುರ್ಚಿಗೊರಗಿದರು. ಇಷ್ಟೊತ್ತಿಗೆ ಅವರಿಗೆ ಹಸಿವೂ ಆದಂತಿತ್ತು. "ಹಂಗಾದ್ರೆ ಹೊಸದೊಂದು ಆಗಬೇಕು. ಎರಡೂ ಪ್ರೋಗ್ರಾಮು ಓದುವಂಥ ಒಂದೇ ಚೀಟಿ. ಯಾರು ಮಾಡೋದು?"

ಮೊದಲಿನ ಮಮತಾ ಆಗಿದ್ದರೆ "ನೀವೇ ಹೇಳ್ರಿ ಸರ್" ಅನ್ನುತ್ತಿದ್ದಳು. "ನಾನೇ ಮಾಡ್ತೀನಿ," ಎಂದಳು. "ಮಾಡಿದ ಮೇಲೆ ಇಬ್ರೂ ಅದನ್ನೇ ಬಳಸಬೇಕು. ಬೇರೆ ಯಾವುದೂ ನಡೆಯಾಕಿಲ್ಲ. ಆದ್ರೆ ಬಳಸೋಕೆ ಮುಂಚೆ ಇಬ್ರೂ ತೆರೆದು ಓದಬೇಕು."

ಮರುಳಸಿದ್ದಪ್ಪ ಅವಳನ್ನು ಒಂದು ಕ್ಷಣ ನೋಡಿ, "ಹೌದು ಮೇಡಂ," ಎಂದರು.

ಮೂರು ದಿನ ಹಿಡಿಯಿತು. ಮೊದಲು ಊಹೆ ಬೇಡ, ಸಾಕ್ಷಿ ಬೇಕು ಎಂದು ಅವಳು ತೀರ್ಮಾನಿಸಿಕೊಂಡಳು. ಅರೆಕೈಡಿನ್ ಮತ್ತು ಅದರ ಹತ್ತಿರದ ಅಣುಗಳು ಬರೀ ತಾವಾಗಿಯೇ ಹರಳಾದ, ಪ್ರೋಟೀನಿನ ಗೊಡವೆಯಿಲ್ಲದ ಹಳೆಯ ಪ್ರಯೋಗಗಳ ಲೆಕ್ಕ ಹುಡುಕಿದಳು. ಅಂಥ ಸಣ್ಣ ಹರಳುಗಳ ನಕ್ಷೆ ಮಸುಕಿರುವುದಿಲ್ಲ; ಪರಮಾಣುಗಳು ಬಿಡಿಬಿಡಿಯಾಗಿ ಕಾಣುತ್ತವೆ. ಜೋಡಿಬಂಧ ಒಂದು ಪಾಯಿಂಟ್ ಮೂರು ನಾಲ್ಕು. ಒಂಟಿಬಂಧಗಳು ಒಂದೂವರೆಯ ಆಚೀಚೆ. ಸಾರಜನಕದ ಮೂರು ಕೋನ ಕೂಡಿದರೆ ಮುನ್ನೂರ ಮೂವತ್ತು ಚಿಲ್ಲರೆ. ಒಂದೊಂದನ್ನೂ ಬರೆದು, ಪಕ್ಕದಲ್ಲಿ ಎಲ್ಲಿಂದ ತೆಗೆದದ್ದು ಎಂದೂ ಬರೆದಳು. ಎಷ್ಟು ಬಿಗಿ ಎಂಬ ಅಂಕಿ ಎರಡು ಚೀಟಿಯಲ್ಲಿ ಎರಡು ತರ ಇತ್ತು. ಅದನ್ನೂ ಒಂದು ಮಾಡಿದಳು.

ಹೊಸ ಚೀಟಿಯನ್ನು ಮೊದಲ ಸಲ ಮಾದರಿಗೆ ಹಾಕಿ ನೋಡಿದಾಗ ಅಣು ಸಿಡಿದೇ ಹೋಯಿತು. ಸಾರಜನಕಕ್ಕೆ ಅಂಟಿದ ಇಂಗಾಲ, ಅಂದರೆ ಮೀಥೈಲ್, ಹೋಗಿ ಉಂಗುರದ ಆಚೆ ಬದಿಯಲ್ಲಿ ಜೋತುಬಿದ್ದಿತ್ತು. ಮಮತಾ ಬೆಚ್ಚಿಬಿದ್ದಳು. ಆಮೇಲೆ ಮತ್ತೆ ಪ್ರಿಂಟು, ಮತ್ತೆ ಕೆಂಪು ಪೆನ್ನು. ಎರಡು ಚೀಟಿಗಳ ನಡುವೆ ಎರಡು ಇಂಗಾಲಗಳ ಹೆಸರು ಅದಲುಬದಲಾಗಿತ್ತು. ಒಂದರಲ್ಲಿ ಏಳನೆಯದು ಅಂದದ್ದನ್ನು ಇನ್ನೊಂದರಲ್ಲಿ ಎಂಟನೆಯದು ಅಂದಿದ್ದರು. ಇಷ್ಟು ದಿನ ಇಬ್ಬರೂ ಪ್ರತಿ ಸಲ ಅಣುವನ್ನು ಕಿತ್ತು ತಮ್ಮ ಚೀಟಿಯದನ್ನೇ ಹೊಸದಾಗಿ ಕೂರಿಸುತ್ತಿದ್ದುದರಿಂದ ಇದು ಬಯಲಾಗಿರಲಿಲ್ಲ. ಅವಳು ಹೆಸರುಗಳನ್ನು ಹೊನ್ನಾಳಿಯ ಚೀಟಿಯಿಂದ ತೆಗೆದಿದ್ದಳು, ಮಾದರಿ ಜಗಳೂರಿನದಾಗಿತ್ತು. ಮೀಥೈಲ್ ಪಾಪ, ಹೆಸರು ಕೂಗಿದ ಕಡೆಗೆ ಓಡಿಹೋಗಿತ್ತು. ಹೆಸರು ಸರಿಪಡಿಸಿದ ಮೇಲೆ ತಣ್ಣಗೆ ತನ್ನ ಜಾಗಕ್ಕೆ ಬಂದು ಕೂತಿತು.

ಆ ಚೀಟಿಯನ್ನು ಇಬ್ಬರಿಗೂ ಕಳಿಸಿ, ಗುರುವಾರ ನ್ಯಾಮತಿಗೆ ಬರಬೇಕು, ಲ್ಯಾಪ್‌ಟಾಪ್ ತರಬೇಕು ಎಂದು ಬರೆದಳು. ಹೇಗೂ ನಿಂಗರಾಜ್ ಪ್ರಯೋಗವೊಂದನ್ನು ಮತ್ತೆ ಮಾಡಲು ತಾಜಾ ಚೊಗರು ಒಯ್ಯಬೇಕಾಗಿತ್ತು. ಆದರೆ ಇಬ್ಬರೂ ಎದುರುಬದುರು ಕೂತು ಮುಗಿಸಲಿ ಎಂಬುದೇ ಅವಳ ನಿಜವಾದ ಆಸೆ.

ಕೊಯ್ಲಿನ ಕಾಲ. ಪ್ರೇಮಲತಾಳ ಕಣದಲ್ಲಿ ಹಂಡೆಗಳು ಕುದಿಯುತ್ತಿದ್ದವು, ಹೆಂಗಸರು ಸಾಲಾಗಿ ಕೂತು ಅಡಿಕೆ ಸುಲಿಯುತ್ತಿದ್ದರು. ಜಗಳೂರಿನಿಂದ ಎರಡು ಬಸ್ಸು ಬದಲಾಯಿಸಿ ಬಂದಿದ್ದ ನಿಂಗರಾಜ್ ಹಬೆಯ ನಡುವೆ ಕೂದಲು ಕೆದರಿಕೊಂಡು ನಿಂತಿದ್ದ. ಅವರೂರಿನ ಕಡೆ ಮೆಕ್ಕೆಜೋಳ, ಶೇಂಗಾ. ಅಡಿಕೆ ಬೇಯುವುದನ್ನು ಇಷ್ಟು ಹತ್ತಿರದಿಂದ ಅವನು ನೋಡಿದ್ದು ಇದೇ ಮೊದಲು. ಮರುಳಸಿದ್ದಪ್ಪ ಆಟೋದಿಂದ ಇಳಿದು ನೆಟ್ಟಗೆ ಅವನ ಮುಂದೆ ಬಂದು ನಿಂತರು.

"ನೀನೇ ಏನು ನಿಂಗರಾಜ್? ಮೆಂತ್ಯದ ಮೇಷ್ಟ್ರು ನಾನೇ."

ನಿಂಗರಾಜ್ ದಾರಿಯುದ್ದಕ್ಕೂ ಕ್ಷಮೆ ಕೇಳುವ ಮಾತು ಹೊಂದಿಸಿಕೊಂಡು ಬಂದಿದ್ದ. ಎಲ್ಲ ಮರೆತುಹೋಗಿ, "ಸರ್, ನಂದು ಸಾರಜನಕ ಚಪ್ಪಟೆ," ಎಂದುಬಿಟ್ಟ. ಮೇಡಂ ಕಳಿಸಿದ ಚೀಟಿಯನ್ನು ತನ್ನದರ ಜೊತೆ ಇಟ್ಟು ಅವನೇ ಓದಿ ಕಂಡುಕೊಂಡಿದ್ದ. ಅಡಿಕೆ ಸುಲಿಯುವ ಹೆಂಗಸರು ಏನೆಂದು ತಿಳಿದುಕೊಂಡರೋ, ಜೋರಾಗಿ ನಕ್ಕರು.

ಪ್ರೇಮಲತಾ ನೆರಳಿನಲ್ಲಿ ಕುರ್ಚಿ ಹಾಕಿಸಿ, ಅಡಿಕೆ ಚೀಲಗಳ ಮೇಲೆ ಹಲಗೆ ಇಟ್ಟು ಮೇಜು ಮಾಡಿಕೊಟ್ಟಳು. "ಏನು ವ್ಯಾಜ್ಯ ಹೇಳ್ರಿ, ನನ್ನ ಡ್ರಮ್ಮಿನ ವಿಷಯ ಅಂದ್ರೆ ನಂಗೂ ಗೊತ್ತಾಗಬೇಕು," ಎಂದಳು.

ಮಮತಾ ಸುತ್ತ ನೋಡಿದಳು. ಒಂದು ಕಡೆ ಅಡಿಕೆ ಹಾಳೆಯ ಊಟದ ತಟ್ಟೆಗಳು ಪೇರಿಸಿದ್ದವು. ಕೆಲಸದವನೊಬ್ಬನ ತಲೆಯ ಮೇಲೆ ಹಾಳೆಯ ಟೋಪಿಯಿತ್ತು. "ಇದೂ ಹಾಳೆ, ಅದೂ ಹಾಳೆ. ಸರ್ ತಟ್ಟೆ ಅಂತಿದ್ರು, ಇವ್ರು ಟೋಪಿ ಅಂತಿದ್ರು. ದೂರದಿಂದ ಮಸುಕು ಮಸುಕಾಗಿ ನೋಡಿದ್ರೆ ಎರಡೂ ಒಂದೇ ತರ ಕಾಣ್ತಾವೆ. ಯಾವುದು ಅಂತ ಮೊದ್ಲೇ ಸರಿಯಾಗಿ ಹೇಳಿ ಕೊಟ್ಟಿರಲಿಲ್ಲ, ಅದಕ್ಕೇ ಇಷ್ಟೆಲ್ಲ ಆಯ್ತು."

"ಯಾವುದು ಹಂಗಾದ್ರೆ?"

"ಟೋಪಿ. ಆದ್ರೆ ಇವ್ರು ಟೋಪಿಯ ತುದಿ ಮಡಚಿರಲಿಲ್ಲ."

ಎರಡೂ ಲ್ಯಾಪ್‌ಟಾಪು ಹಲಗೆಯ ಮೇಲೆ ಕೂತವು. ಒಂದೇ ಮಾದರಿ, ಒಂದೇ ಚೀಟಿ, ಎರಡು ಪ್ರೋಗ್ರಾಮು. ಮರುಳಸಿದ್ದಪ್ಪ ತಮ್ಮದನ್ನು ಶುರುಮಾಡಿದರು, ನಿಂಗರಾಜ್ ತನ್ನದನ್ನು. ಅವು ಓಡಿ ಮುಗಿಯಲು ಅರ್ಧ ಗಂಟೆ. ಆ ಅರ್ಧ ಗಂಟೆಯಲ್ಲಿ ಪ್ರೇಮಲತಾ ಎರಡು ಸಲ ಚಹಾ ಕೊಟ್ಟಳು. ನಿಂಗರಾಜ್ ಹಿರಿಯರ ಪ್ರೋಗ್ರಾಮಿನಲ್ಲಿ ತನಗೆ ಗೊತ್ತಿಲ್ಲದ ಒಂದು ಆಜ್ಞೆ ಕಂಡು, "ಸರ್, ಇದು ಏನು ಮಾಡ್ತತೆ?" ಎಂದು ಕುರ್ಚಿಯನ್ನು ಅವರ ಪಕ್ಕಕ್ಕೆ ಎಳೆದುಕೊಂಡ.

ಮೊದಲು ಹೊನ್ನಾಳಿಯದು ಮುಗಿಯಿತು, ಸ್ವಲ್ಪದರಲ್ಲೇ ಜಗಳೂರಿನದು. ಮಮತಾ ಎರಡೂ ಫಲಿತಾಂಶಗಳನ್ನು ತನ್ನ ಪರದೆಯಲ್ಲಿ ಒಂದರ ಮೇಲೊಂದು ಇಟ್ಟಳು. ಎರಡು ಉಂಗುರಗಳು ಕಾಣಬೇಕಾದ ಕಡೆ ಒಂದೇ ಉಂಗುರ ಕಂಡಿತು. ದೊಡ್ಡದು ಮಾಡಿ ನೋಡಿದಳು. ಆಗಲೂ ಒಂದೇ. ತಪಾಸಣಾ ವರದಿ ತೆರೆದಳು. ಅರೆಕೈಡಿನ್‌ನ ಸಾಲಿನಲ್ಲಿ ಕೆಂಪಿರಲಿಲ್ಲ. ಸುತ್ತಲಿನ ನಕ್ಷೆಯಲ್ಲಿ ಇಷ್ಟು ದಿನ ಕಾಡುತ್ತಿದ್ದ ಉಳಿಕೆ ಕಲೆಗಳೂ ಮಾಯವಾಗಿದ್ದವು.

"ಅಲ್ಲಿ ನೋಡ್ರಿ," ಎಂದ ನಿಂಗರಾಜ್. ಬೆರಳು ಸಾರಜನಕದ ಮೇಲಿತ್ತು. "ಹೈಡ್ರೋಜನ್ ಯಾವ ಕಡೆ ಮುಖ ಮಾಡೈತೆ?"

ಮಮತಾ ತಿರುಗಿಸಿದಳು. ಸಾರಜನಕ ತನ್ನ ನಾಲ್ಕನೇ ಕೈಯನ್ನು, ಇಷ್ಟು ದಿನ ಎರಡೂ ಚೀಟಿಗಳಲ್ಲಿ ಇಲ್ಲದೇ ಇದ್ದ ಕೈಯನ್ನು, ನೇರವಾಗಿ ಪ್ರೋಟೀನು ಸರಪಳಿಯ ಆಸ್ಪಾರ್ಟೇಟ್ ಎಂಬ ಒಂದು ಕೊಂಡಿಯ ಕಡೆ ಚಾಚಿತ್ತು. ನಡುವಿನ ದೂರ ಅಳೆದಳು. ಎರಡು ಪಾಯಿಂಟ್ ಎಂಟು. ಎರಡು ಅಣುಗಳು ಹೈಡ್ರೋಜನ್ ಹಂಚಿಕೊಂಡು ಹಿಡಿದುಕೊಳ್ಳುವ ದೂರ ಅದೇ.

ಯಾವ ಕೈಯಿಂದ ಹಿಡಿದಿದೆ ಎಂಬ ಪರಿಶೀಲಕರ ಎರಡನೇ ಪ್ರಶ್ನೆಗೆ ಉತ್ತರ ಅಲ್ಲೇ ಕೂತಿತ್ತು.

"ಮುಂಚೇನೇ ಹಿಡ್ಕೊಂಡಿತ್ತಲ್ಲೇ ಅದು," ಎಂದರು ಮರುಳಸಿದ್ದಪ್ಪ ಮೆಲ್ಲಗೆ. "ಹನ್ನೊಂದು ತಿಂಗಳಿಂದ ನಾವು ಆ ಆಸ್ಪಾರ್ಟೇಟು ಸುಮ್ನೆ ಯಾಕೆ ಕುಂತೈತೆ ಅಂತ ತಲೆ ಕೆಡಿಸ್ಕೊಂಡಿದ್ವಿ." ಕನ್ನಡಕ ತೆಗೆದು ಒರೆಸಿಕೊಂಡರು. ನಿಂಗರಾಜ್ ಎದ್ದು ಎರಡು ಹೆಜ್ಜೆ ಆ ಕಡೆ, ಎರಡು ಹೆಜ್ಜೆ ಈ ಕಡೆ ನಡೆದ. ಆಮೇಲೆ ಏನು ಮಾಡಬೇಕೆಂದು ತಿಳಿಯದೆ ಸುಲಿದ ಅಡಿಕೆಯ ಬುಟ್ಟಿಯೊಂದನ್ನು ಎತ್ತಿ ಹಂಡೆಯ ಹತ್ತಿರ ಒಯ್ದು ಕೊಟ್ಟ.

ಮಮತಾಳಿಗೆ ಕಣ್ಣಲ್ಲಿ ನೀರು ಬಂತು. ಹಬೆಯೋ ಏನೋ ಅಂದುಕೊಂಡು ಸೆರಗಿನಿಂದ ಒರೆಸಿದಳು.

ಪರಿಶೀಲಕರಿಗೆ ಉತ್ತರವನ್ನು ಅಲ್ಲೇ, ಆ ಹಲಗೆಯ ಮೇಲೇ ಬರೆದಳು. ಮೊದಲ ಪ್ಯಾರಾದಲ್ಲಿ ಎರಡು ಚೀಟಿಗಳ ತಪ್ಪನ್ನೂ ಮುಚ್ಚುಮರೆಯಿಲ್ಲದೆ ಹೇಳಿದಳು. ಒಂದನ್ನು ಹನ್ನೆರಡು ವರ್ಷದ ಹಿಂದೆ ತಾನೇ ತಪ್ಪಾಗಿ ಮಾಡಿದ್ದೆ ಎಂದೂ ಬರೆದಳು. ಮರುಳಸಿದ್ದಪ್ಪ ಓದಿ, "ಇದು ಬೇಕೇನು?" ಎಂದರು. "ಬೇಕು ಸರ್. ಇಲ್ಲಾಂದ್ರೆ ಮುಂದೆ ಯಾರೋ ಅದೇ ಚೀಟಿ ಎತ್ಕೊಂಡು ಮತ್ತೆ ಮೆಂತ್ಯ ಬೆಳೀತಾರೆ." ಹೊಸ ಚೀಟಿಯನ್ನು ಲೇಖನದ ಜೊತೆಗೇ ಎಲ್ಲರಿಗೂ ಸಿಗುವ ಹಾಗೆ ಇಡುವುದೆಂದು ಮೂವರೂ ಒಪ್ಪಿದರು.

ಪ್ರೇಮಲತಾ ಕೇಳಿದಳು, "ಅಂದ್ರೆ ಇನ್ನು ನನ್ನ ಚೊಗರು ಹಳ್ಳಕ್ಕೆ ಬಿಟ್ರೂ ಮೀನಿಗೆ ಏನೂ ಆಗಲ್ಲ?"

"ಇನ್ನೂ ಇಲ್ಲ ಅಕ್ಕಾ. ಅದಕ್ಕೆ ಈ ಪ್ರೋಟೀನು ದೊಡ್ಡ ತೊಟ್ಟಿಯಾಗೂ ಕೆಲಸ ಮಾಡ್ತದಾ ನೋಡಬೇಕು. ಒಂದೆರಡು ವರ್ಷ ಆದ್ರೂ ಬೇಕು. ಹೆಂಗೆ ಹಿಡಿತೈತೆ ಅಂತ ಇವತ್ತು ಗೊತ್ತಾಯ್ತು."

"ಆಗಲಿ ಬಿಡ್ರಿ. ತೊಟ್ಟಿ ಕಟ್ಟಾಕೆ ಜಾಗ ನಾನು ಕೊಡ್ತೀನಿ. ಆ ಮೂಲೆಯಾಗೆ," ಎಂದು ಅವಳು ಆಗಲೇ ಜಾಗ ತೋರಿಸಲು ಹೊರಟಳು.

ಮರುಳಸಿದ್ದಪ್ಪನವರೂ ನಿಂಗರಾಜೂ ಅವಳ ಹಿಂದೆ ಹೋದರು. ತೊಟ್ಟಿ ಎಷ್ಟು ಆಳ ಇರಬೇಕೆಂದು ಅಷ್ಟರಲ್ಲೇ ಇಬ್ಬರಿಗೂ ಬೇರೆ ಬೇರೆ ಅಭಿಪ್ರಾಯ ಹುಟ್ಟಿತ್ತು. ಈ ಸಲ ಅವರು ಮಮತಾಳನ್ನು ಮಧ್ಯಕ್ಕೆ ಕರೆಯದೆ, ಕೈ ಬೀಸಿಕೊಂಡು, ಒಬ್ಬರಿಗೊಬ್ಬರು ನೇರವಾಗಿಯೇ ವಾದ ಮಾಡುತ್ತಿದ್ದರು.